ನಂದಿ ಬೆಟ್ಟದಿಂದ ಆಲ್ಪ್ ದುಯೆಜ್‌ಗೆ: ಫ್ರಾನ್ಸಿನ ವಾಜಾಂ ಕಣಿವೆಯಲ್ಲಿ ರೋಡ್ ಬೈಕ್ ತುಳಿಯೋರಿಗೆ ಮಾರ್ಗದರ್ಶಿ

ಜನವರಿ ಬಂತು ಅಂದ್ರೆ ಮೆಸೇಜ್ ಶುರು. "ಈ ವರ್ಷ ಆಲ್ಪ್ಸ್‌ಗೆ ಹೋಗ್ತಿದೀವಿ, ಆಲ್ಪ್ ದುಯೆಜ್ ಹತ್ತಬೇಕು, ನಂದಿ ಬೆಟ್ಟ ವಾರಾವಾರ ಹತ್ತುತೀನಿ, ಅಷ್ಟು ಸಾಕಾ?" ಆಲ್ಪ್ ದುಯೆಜ್ ಅಂದ್ರೆ ಟೂರ್ ದ ಫ್ರಾನ್ಸ್ ಸೈಕಲ್ ರೇಸಿಂದ ಹೆಸರಾದ ಬೆಟ್ಟದ ರಸ್ತೆ. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆದು ಬರೆದು ಸಾಕಾಗಿ ಈಗ ಎಲ್ಲಾನೂ ಒಂದೇ ಕಡೆ ಬರೀತಿದೀನಿ. ಚಿಕ್ಕ ಉತ್ತರ ಬೇಕು ಅಂದ್ರೆ ಇಷ್ಟು: ಹತ್ತೋಕೆ ನಿಮ್ಮ ನಂದಿ ಅಭ್ಯಾಸ ಸಾಕಾಗುತ್ತೆ, ಇಳಿಯೋಕೆ ಸಾಲಲ್ಲ. ನಂದಿಯಲ್ಲಿ ಇಳಿಜಾರು ಎಂಟು ಕಿಲೋಮೀಟರ್ ಆಸುಪಾಸು, ಕಾಲು ಗಂಟೆ ಒಳಗೆ ಮುಗಿದು ಹೋಗುತ್ತೆ, ಕೈ ನೋಯೋಕೆ ಶುರು ಆಗೋ ಮೊದಲೇ ಕೆಳಗೆ ಇಡ್ಲಿ ತಿಂತಿರ್ತೀರಿ. ಆಲ್ಪ್ಸಲ್ಲಿ ಒಂದೊಂದು ಇಳಿಜಾರು ಇಪ್ಪತ್ತು ಮೂವತ್ತು ಕಿಲೋಮೀಟರ್, ಮೇಲೆ ಚಳಿ, ಮಧ್ಯೆ ಸುರಂಗ, ಎದುರಿಗೆ ಕ್ಯಾರವಾನ್ ಎಳ್ಕೊಂಡು ಬರೋ ಕಾರು, ಅದೂ ನಮಗೆ ರೂಢಿ ಇಲ್ಲದ ಬಲಗಡೆ ಸಂಚಾರ. ನಮ್ಮವರು ತೊಂದರೆ ಮಾಡ್ಕೊಳ್ಳೋದು ಬಹುಪಾಲು ಇಲ್ಲೇ. ಅದಕ್ಕೆ ಈ ಲೇಖನ ಪೂರ್ತಿ ಇಳಿಯೋದನ್ನ ತಲೇಲಿ ಇಟ್ಕೊಂಡೇ ಬರೆದಿದೀನಿ, ರೂಟ್‌ಗಳ ಕ್ರಮ ಕೂಡ ಹಾಗೇ ಜೋಡಿಸಿದೀನಿ.

ಮೊದಲು ಜಾಗದ ಪರಿಚಯ. ವಾಜಾಂ ಅನ್ನೋದು ಗ್ರೆನೋಬ್ಲ್ ಊರಿನ ಆಗ್ನೇಯಕ್ಕೆ, ರೋಮಾಂಶ್ ನದಿ ಹರಿಯೋ ಕಣಿವೆ ಮತ್ತೆ ಅದರ ಸುತ್ತಲಿನ ಬೆಟ್ಟಗಳ ಸೀಮೆ. ನಡುವೆ ಬೂರ್ ದ್ವಾಜಾಂ ಅಂತ ಪುಟ್ಟ ಪೇಟೆ, ಸುಮಾರು 720 ಮೀಟರ್ ಎತ್ತರದಲ್ಲಿ, ಅಂದ್ರೆ ನಮ್ಮ ಬೆಂಗಳೂರಿಗಿಂತ ತಗ್ಗು. ಇಲ್ಲೇ ರೂಮ್ ಮಾಡಿ. ಯಾವ ದಿಕ್ಕಿಗೆ ಹೊರಟರೂ ಒಂದು ಕೋಲ್ ಸಿಗುತ್ತೆ. ಕೋಲ್ ಅಂದ್ರೆ ಎರಡು ಶಿಖರಗಳ ನಡುವಿನ ತಗ್ಗು, ರಸ್ತೆ ಆ ಕಡೆಯಿಂದ ಈ ಕಡೆಗೆ ದಾಟೋ ಜಾಗ. ಶಿಖರ ಅಲ್ಲ. ಆದ್ರೂ ಎತ್ತರ ಎಷ್ಟು ಅಂತ ಕೇಳಿ: ಲೋತಾರೆ 2,058 ಮೀಟರ್, ನಮ್ಮ ಮುಳ್ಳಯ್ಯನಗಿರಿಗಿಂತ ಜಾಸ್ತಿ. ಗಾಲಿಬಿಯೆ 2,642 ಮೀಟರ್, ಹೆಚ್ಚುಕಮ್ಮಿ ಊಟಿಯ ದೊಡ್ಡಬೆಟ್ಟದ ತುದಿಯಷ್ಟು.

1. ಯಾವಾಗ ಹೋಗ್ಬೇಕು

ಜೂನ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದ ತನಕ. ಏಪ್ರಿಲಲ್ಲಿ ಮಕ್ಕಳಿಗೆ ರಜೆ ಅಂತ ಟಿಕೆಟ್ ಮಾಡ್ಬೇಡಿ, ಎತ್ತರದ ಕೋಲ್‌ಗಳು ಆಗ ಇನ್ನೂ ಹಿಮದ ಕೆಳಗೆ ಇರುತ್ವೆ, ಗಾಲಿಬಿಯೆ ತೆರೆಯೋದೇ ಸಾಮಾನ್ಯವಾಗಿ ಮೇ ಕೊನೆ ಅಥವಾ ಜೂನ್ ಶುರುವಲ್ಲಿ. ಕೋಲ್ ಬುಡದಲ್ಲಿ ಬೋರ್ಡ್ ಹಾಕಿರ್ತಾರೆ, "ಊವೇರ್" ಅಂದ್ರೆ ತೆರೆದಿದೆ, "ಫೆರ್ಮೆ" ಅಂದ್ರೆ ಮುಚ್ಚಿದೆ. ಫೆರ್ಮೆ ಅಂತಿದ್ರೆ ಸೈಕಲ್ ತಾನೇ ನುಸುಳಿಕೊಂಡು ಹೋಗೋಣ ಅಂತ ಹೋಗ್ಬೇಡಿ, ರಿಪೇರಿನೋ ಬಂಡೆ ಬಿದ್ದಿರೋದೋ ಏನೋ ಇದ್ದೇ ಇರುತ್ತೆ.

ಟೂರ್ ದ ಫ್ರಾನ್ಸ್ ನೋಡೋಕೂ ಸೈಕಲ್ ತುಳಿಯೋಕೂ ಒಟ್ಟಿಗೆ ಬರ್ತೀನಿ ಅನ್ನೋರು ಒಂದು ನೆನಪಿಡಿ, ರೇಸ್ ಬರೋ ದಿನ ರಸ್ತೆ ಗಂಟೆಗಟ್ಟಲೆ ಮೊದಲೇ ಬಂದ್ ಆಗುತ್ತೆ, ಆ ವಾರ ರೂಮ್ ಸಿಗೋದೂ ಕಷ್ಟ. ಇನ್ನೊಂದು ಕಡೆ, ಬೇಸಿಗೇಲಿ ಕೆಲವು ಬೆಳಿಗ್ಗೆ ಒಂದೊಂದು ಕೋಲನ್ನ ಕಾರುಗಳಿಗೆ ಮುಚ್ಚಿ ಬರೀ ಸೈಕಲ್‌ನವರಿಗೆ ಬಿಡ್ತಾರೆ. ಪ್ರವಾಸಿ ಕಚೇರಿಯಲ್ಲಿ ಆ ತಾರೀಖುಗಳ ಪಟ್ಟಿ ಸಿಗುತ್ತೆ. ಮೊದಲ ಸಲ ಬರೋರಿಗೆ ಇದಕ್ಕಿಂತ ಒಳ್ಳೆ ದಿನ ಇಲ್ಲ.

2. ಕಾಗದಪತ್ರ, ಪ್ರಯಾಣ

ಭಾರತೀಯ ಪಾಸ್‌ಪೋರ್ಟ್ ಇದ್ರೆ ಷೆಂಗೆನ್ ವೀಸಾ ಬೇಕು, ಜೊತೆಗೆ ಕನಿಷ್ಠ 30,000 ಯೂರೋ ಕವರ್ ಇರೋ ಟ್ರಾವೆಲ್ ಇನ್ಶೂರೆನ್ಸ್. ಇಲ್ಲಿ ಎಡವಬೇಡಿ: ವೀಸಾಕ್ಕೆ ಸಾಕಾಗೋ ಪಾಲಿಸಿ ಸೈಕ್ಲಿಂಗಲ್ಲಿ ಬಿದ್ದರೆ ದುಡ್ಡು ಕೊಡುತ್ತೆ ಅಂತ ಗ್ಯಾರಂಟಿ ಇಲ್ಲ, ಕೆಲವರು ಇದನ್ನ ಸಾಹಸ ಕ್ರೀಡೆ ಅಂತ ಹೊರಗೆ ಇಡ್ತಾರೆ. ಪಾಲಿಸಿ ಪೂರ್ತಿ ಓದಿ, ಅನುಮಾನ ಇದ್ರೆ ಇಮೇಲಲ್ಲಿ ಕೇಳಿ ಲಿಖಿತ ಉತ್ತರ ಇಟ್ಕೊಳ್ಳಿ.

ವಿಮಾನಕ್ಕೆ ಲಿಯೋಂ ಅಥವಾ ಜಿನೀವಾ ಅನುಕೂಲ. ಪ್ಯಾರಿಸ್‌ಗೆ ಇಳಿದ್ರೆ ಗ್ರೆನೋಬ್ಲ್ ತನಕ ಫಾಸ್ಟ್ ಟ್ರೈನ್ ಸುಮಾರು ಮೂರು ಗಂಟೆ. ಗ್ರೆನೋಬ್ಲಿಂದ ಬೂರ್ ದ್ವಾಜಾಂಗೆ 50 ಕಿಲೋಮೀಟರ್ ಆಸುಪಾಸು, ಬಸ್ ಇದೆ, ಸೈಕಲ್ ಬಾಕ್ಸ್ ಹಾಕ್ಕೊಳ್ತಾರಾ ಅಂತ ಬುಕ್ ಮಾಡೋವಾಗಲೇ ಕೇಳಿ.

ತಿಂಡಿ ಬಗ್ಗೆ: ಹೊರಗಿನ ದೇಶದಿಂದ ಹಾಲು, ತುಪ್ಪ, ಮಾಂಸದ ಪದಾರ್ಥ ಯುರೋಪಿಯನ್ ಯೂನಿಯನ್ ಒಳಗೆ ತರೋ ಹಾಗಿಲ್ಲ. ಅಮ್ಮ ಪ್ರೀತಿಯಿಂದ ಕಟ್ಟಿದ ತುಪ್ಪದ ಉಂಡೆ ಬೇಡ, ಬೆಲ್ಲದ ಶೇಂಗಾ ಚಿಕ್ಕಿ ಸಾಕು. ಚಿಕ್ಕಿ ನಿಜಕ್ಕೂ ಒಳ್ಳೆ ರೈಡ್ ತಿಂಡಿ, ಜೆರ್ಸಿ ಜೇಬಲ್ಲಿ ಕರಗಲ್ಲ.

3. ಸ್ವಂತ ಬೈಕಾ, ಬಾಡಿಗೆದಾ, ಗೇರ್ ಎಷ್ಟು

ಒಂದು ವಾರದ ಟ್ರಿಪ್‌ಗೆ ಬಾಡಿಗೆ ಬೈಕೇ ಸುಲಭ ಅಂತ ನನ್ನ ಅಭಿಪ್ರಾಯ. ನಿಮ್ಮ ಪೆಡಲ್, ಶೂ, ಹೆಲ್ಮೆಟ್, ಸ್ಯಾಡಲ್ ಎತ್ತರದ ಅಳತೆ ಇಷ್ಟು ತಗೊಂಡು ಹೋಗಿ. ಆದ್ರೆ ಅಂಗಡಿಯಿಂದ ಹೊರಗೆ ಬರೋ ಮೊದಲು ಒಂದು ವಿಷಯ ಖಂಡಿತ ನೋಡಿ: ಬ್ರೇಕ್ ಯಾವ ಕೈಗೆ ಯಾವುದು? ನಮ್ಮಲ್ಲಿ ಸಾಮಾನ್ಯವಾಗಿ ಬಲಗೈ ಲಿವರ್ ಮುಂದಿನ ಬ್ರೇಕ್, ಮೋಟರ್‌ಬೈಕಲ್ಲೂ ಅದೇ. ಫ್ರಾನ್ಸಲ್ಲಿ ಎಡಗೈ ಲಿವರ್ ಮುಂದಿನ ಬ್ರೇಕ್. ಹೇರ್‌ಪಿನ್ ತಿರುವಲ್ಲಿ ಗಾಬರಿ ಆದಾಗ ಕೈ ಹಳೇ ಅಭ್ಯಾಸಕ್ಕೆ ಹೋಗುತ್ತೆ, ಹಿಂದಿನ ಬ್ರೇಕ್ ಅಂದ್ಕೊಂಡು ಮುಂದಿನದನ್ನ ಪೂರ್ತಿ ಅದುಮಿದ್ರೆ ಹ್ಯಾಂಡಲ್ ಮೇಲಿಂದ ಹಾರಿ ಬೀಳ್ತೀರಿ. ಬದಲಾಯಿಸಿ ಕೊಡಿ ಅಂತ ಕೇಳಿ, ಆಗಲ್ಲ ಅಂದ್ರೆ ಊರೊಳಗಿನ ಸಮತಟ್ಟು ರಸ್ತೇಲಿ ಅರ್ಧ ಗಂಟೆ ಬ್ರೇಕ್ ಹಾಕಿ ಹಾಕಿ ಕೈಗೆ ಕಲಿಸಿ.

ಗೇರ್ ಬಗ್ಗೆ. ಮುಂದೆ ಪೆಡಲ್ ಹತ್ತಿರ ಇರೋ ಚೈನ್‌ರಿಂಗ್‌ಗಳಲ್ಲಿ (ಅಂದ್ರೆ ಹಲ್ಲಿನ ಚಕ್ರಗಳಲ್ಲಿ) ಚಿಕ್ಕದು 34 ಹಲ್ಲು, ಹಿಂದಿನ ಕ್ಯಾಸೆಟ್‌ನ (ಅಂದ್ರೆ ಹಿಂದಿನ ಹಲ್ಲುಗಳ ಗೊಂಚಲು) ದೊಡ್ಡದು 34 ಹಲ್ಲು, ಇದನ್ನ ಕೇಳಿ ತಗೊಳ್ಳಿ. ಲೆಕ್ಕ ಸುಲಭ: 34ಕ್ಕೆ 34 ಇದ್ರೆ ಪೆಡಲ್ ಒಂದು ಸುತ್ತಿಗೆ ಚಕ್ರ ಒಂದು ಸುತ್ತು, ನಿಮಿಷಕ್ಕೆ 70 ಸುತ್ತು ತುಳಿದ್ರೆ ಗಂಟೆಗೆ ಸುಮಾರು 9 ಕಿಲೋಮೀಟರ್ ವೇಗ. 8 ಪರ್ಸೆಂಟ್ ಏರಿನಲ್ಲಿ, ಅಂದ್ರೆ 100 ಮೀಟರ್ ಹೋಗೋದ್ರೊಳಗೆ 8 ಮೀಟರ್ ಮೇಲೇರೋ ರಸ್ತೇಲಿ, ನಮ್ಮಂಥ ಸಾಮಾನ್ಯ ಸವಾರರು ಗಂಟೆಗಟ್ಟಲೆ ತಡ್ಕೊಳ್ಳೋ ವೇಗ ಅದೇ. ಕ್ಯಾಸೆಟ್ 28ರದ್ದು ಕೊಟ್ರೆ ಮಂಡಿ ಮೂರನೇ ದಿನ ಮಾತಾಡುತ್ತೆ.

ಸ್ವಂತ ಬೈಕಲ್ಲಿ ರಿಮ್ ಬ್ರೇಕ್ ಇದ್ದು ಕಾರ್ಬನ್ ರಿಮ್ ಆಗಿದ್ರೆ ಅದನ್ನ ಇಲ್ಲಿಗೆ ತರ್ಬೇಡಿ. ಉದ್ದ ಇಳಿಜಾರಲ್ಲಿ ಬ್ರೇಕ್ ಉಜ್ಜಿ ಉಜ್ಜಿ ರಿಮ್ ಕಾಯುತ್ತೆ, ರಿಮ್ ಹಾಳಾಗಬಹುದು, ಟ್ಯೂಬ್ ಸಿಡಿಯಬಹುದು. ಅಲ್ಯುಮಿನಿಯಂ ರಿಮ್ ಅಥವಾ ಡಿಸ್ಕ್ ಬ್ರೇಕ್, ಬ್ರೇಕ್ ಪ್ಯಾಡ್ ಹೊಸದು. ಮುಂದೆ ಹಿಂದೆ ಲೈಟ್ ಹಗಲಲ್ಲೂ ಬೇಕೇ ಬೇಕು, ಯಾಕೆ ಅಂತ ಕೆಳಗೆ ಹೇಳ್ತೀನಿ.

4. ರಸ್ತೆ ನಿಯಮ

ಬಲಗಡೆ ಚಲಿಸಬೇಕು. ಗೊತ್ತಿರೋದೇ, ಆದ್ರೆ ಮರೆಯೋದು ಯಾವಾಗ ಅಂದ್ರೆ ಫೋಟೋಗೆ ನಿಲ್ಸಿ ಖಾಲಿ ರಸ್ತೇಲಿ ಮತ್ತೆ ಹೊರಟಾಗ. ಪ್ರತಿ ಸಲ ಹೊರಡೋವಾಗ "ಬಲಗಡೆ" ಅಂತ ಬಾಯಿಬಿಟ್ಟು ಹೇಳ್ಕೊಳ್ಳಿ, ಗುಂಪಲ್ಲಿದ್ರೆ ಒಬ್ಬರಿಗೊಬ್ಬರು ಹೇಳಿ. ಸರ್ಕಲ್‌ಗಳಲ್ಲಿ ಸುತ್ತೋದು ಗಡಿಯಾರಕ್ಕೆ ವಿರುದ್ಧವಾಗಿ, ಒಳಗಿರೋರಿಗೆ ಮೊದಲ ಹಕ್ಕು. ಊರೊಳಗೆ ಬೋರ್ಡ್ ಏನೂ ಇಲ್ಲದ ಕೂಡುರಸ್ತೇಲಿ ಬಲಗಡೆಯಿಂದ ಬರೋ ಗಾಡಿಗೆ ಮೊದಲು ಬಿಡ್ಬೇಕು, ಅದು ಸಣ್ಣ ಓಣಿಯಿಂದ ಬಂದ್ರೂ ಸರಿ. ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಸೈಕಲ್ ಓಡಿಸೋದು ಅಲ್ಲಿ 2015ರಿಂದ ನಿಷೇಧ, ದಂಡ ಇದೆ. ಇಬ್ಬರು ಪಕ್ಕಪಕ್ಕ ಹೋಗ್ಬಹುದು, ಹಿಂದಿನ ಕಾರು ಓವರ್‌ಟೇಕ್ ಮಾಡೋಕೆ ನೋಡ್ತಿದ್ರೆ ಒಂದೇ ಸಾಲಿಗೆ ಬನ್ನಿ. ಕಾರಿನವರು ಊರಾಚೆ ನಿಮ್ಮಿಂದ ಒಂದೂವರೆ ಮೀಟರ್ ದೂರ ಬಿಡಬೇಕು ಅಂತ ಕಾನೂನು, ಬಹಳ ಜನ ಬಿಡ್ತಾರೆ ಕೂಡ, ಅದಕ್ಕೆ ನಾವೂ ಅಷ್ಟೇ ಮರ್ಯಾದೆ ಕೊಡೋಣ. ಎಮರ್ಜೆನ್ಸಿ ನಂಬರ್ 112.

5. ಜೇಬಲ್ಲಿ ಏನಿರಬೇಕು

ಸಾವಿರ ಮೀಟರ್ ಮೇಲೆ ಹೋದ್ರೆ ಸುಮಾರು ಆರೂವರೆ ಡಿಗ್ರಿ ತಣ್ಣಗಾಗುತ್ತೆ. ಬೂರ್ ದ್ವಾಜಾಂನಲ್ಲಿ 30 ಡಿಗ್ರಿ ಇದ್ರೆ ಗಾಲಿಬಿಯೆ ಮೇಲೆ 17-18, ಅದರ ಮೇಲೆ ಬೆವರಿಗೆ ಒದ್ದೆ ಆಗಿರೋ ಜೆರ್ಸಿ, ಗಂಟೆಗೆ 50 ಕಿಲೋಮೀಟರ್ ಗಾಳಿ. ನಾನು ಮೊದಲ ವರ್ಷ ಜಾಕೆಟ್ ಇಲ್ಲದೆ ಲೋತಾರೆಯಿಂದ ಇಳಿದೆ, ಹತ್ತೇ ನಿಮಿಷಕ್ಕೆ ಬೆರಳು ಮರಗಟ್ಟಿ ಬ್ರೇಕ್ ಲಿವರ್ ಹಿಡಿಯೋಕೇ ಆಗ್ಲಿಲ್ಲ, ರಸ್ತೆ ಪಕ್ಕ ನಿಂತು ಕಂಕುಳಲ್ಲಿ ಕೈ ಇಟ್ಕೊಂಡು ಕಾಯಿಸಿದೆ. ಅದಕ್ಕೆ, ಗಾಳಿ ತಡೆಯೋ ಜಾಕೆಟ್, ಪೂರ್ತಿ ಬೆರಳಿನ ಗ್ಲೌಸ್, ತೋಳಿಗೆ ಹಾಕೋ ಆರ್ಮ್ ವಾರ್ಮರ್, ಇವು ಮೂರೂ ಬಿಸಿಲಿದ್ರೂ ತಗೊಂಡೇ ಹೊರಡಿ. ಮೇಲೆ ತಲುಪಿದ ತಕ್ಷಣ, ಫೋಟೋಗೂ ಮುಂಚೆ, ಹಾಕ್ಕೊಳ್ಳಿ. ಅಲ್ಲಿ ಸಿಗೋ ಹಳೇ ನ್ಯೂಸ್‌ಪೇಪರನ್ನ ಜೆರ್ಸಿ ಒಳಗೆ ಎದೆಗೆ ಸಿಕ್ಕಿಸ್ಕೊಳ್ಳೋ ಹಳೇ ರೇಸರ್‌ಗಳ ಉಪಾಯ ಈಗಲೂ ಕೆಲಸ ಮಾಡುತ್ತೆ.

ನೀರು ಹಳ್ಳಿಗಳ ಕಲ್ಲಿನ ತೊಟ್ಟಿ ನಲ್ಲಿಗಳಲ್ಲಿ ಸಿಗುತ್ತೆ. "ಓ ಪೊತಾಬ್ಲ್" ಅಂದ್ರೆ ಕುಡಿಯೋ ನೀರು, ಅದರ ನಡುವೆ "ನೋಂ" ಅಂತ ಸೇರಿದ್ರೆ ಕುಡಿಯಬಾರದು. ಅಂಗಡಿಗಳು ಮಧ್ಯಾಹ್ನ ಹನ್ನೆರಡು, ಹನ್ನೆರಡೂವರೆಗೆ ಬಾಗಿಲು ಹಾಕಿದ್ರೆ ಮತ್ತೆ ತೆಗೆಯೋದು ಎರಡರ ಮೇಲೆ, ಭಾನುವಾರ ಮಧ್ಯಾಹ್ನ ಹಲವು ಪೂರ್ತಿ ಬಂದ್. ಸಸ್ಯಾಹಾರಿಗಳು ಬೆಳಿಗ್ಗೆಯೇ ಬ್ರೆಡ್ ಅಂಗಡಿಯಲ್ಲಿ ಬನ್ನು, ಚೀಸ್ ಸ್ಯಾಂಡ್‌ವಿಚ್, ಹಣ್ಣಿನ ಟಾರ್ಟ್ ಕಟ್ಟಿಸ್ಕೊಂಡುಬಿಡಿ.

6. ಇಳಿಯೋ ವಿದ್ಯೆ

ಹೊರಡೋ ಮೊದಲು ಊರಲ್ಲೇ ಅಭ್ಯಾಸ ಮಾಡಿ. ನಂದಿಯನ್ನ ಬೆಳಿಗ್ಗೆ ಒಂದ್ಸಲ ಹತ್ತಿ ಇಳಿದು ಮನೆಗೆ ಹೋಗೋ ಬದಲು ಎರಡು ಮೂರು ಸಲ ಹತ್ತಿಳಿಯಿರಿ, ಇಳಿಯೋವಾಗ ಟೈಮ್ ನೋಡ್ಬೇಡಿ, ತಿರುವಲ್ಲಿ ಬೈಕ್ ಹೋಗೋ ಗೆರೆ ನೋಡಿ.

ಬ್ರೇಕ್ ತಿರುವಿಗೆ ಮುಂಚೆ, ಬೈಕ್ ನೆಟ್ಟಗಿರುವಾಗ, ಎರಡೂ ಸೇರಿಸಿ ಗಟ್ಟಿಯಾಗಿ ಹಾಕಿ, ಆಮೇಲೆ ಬಿಡಿ. ಉದ್ದಕ್ಕೂ ಸಣ್ಣಗೆ ಹಿಡ್ಕೊಂಡೇ ಇಳಿದ್ರೆ ಬ್ರೇಕ್ ಕಾಯುತ್ತೆ, ಕೈ ಸೋಲುತ್ತೆ. ಕೈ ಹ್ಯಾಂಡಲ್‌ನ ಕೆಳಗಿನ ಬಾಗಿನಲ್ಲಿ ಇರ್ಲಿ, ಅಲ್ಲಿಂದ ಲಿವರ್ ಹಿಡಿಯೋಕೆ ಬಲ ಸಿಗುತ್ತೆ. ಕಣ್ಣು ತಿರುವಿನ ಆಚೆ ತುದಿಗೆ ಇರ್ಲಿ, ಪ್ರಪಾತ ನೋಡಿದ್ರೆ ಬೈಕ್ ಆ ಕಡೆಗೇ ಹೋಗುತ್ತೆ. ತಿರುವಿನ ಹೊರಗಡೆ ಪೆಡಲ್ ಕೆಳಗೆ, ಅದರ ಮೇಲೆ ಭಾರ. ರಸ್ತೆ ನಡುವಿನ ಗೆರೆ ಏನೇ ಆದ್ರೂ ದಾಟಬೇಡಿ, ಟಿವಿಯಲ್ಲಿ ರೇಸರ್‌ಗಳು ಪೂರ್ತಿ ರಸ್ತೆ ಬಳಸೋದು ಎದುರಿಂದ ಯಾರೂ ಬರಲ್ಲ ಅಂತ ಗೊತ್ತಿರೋದ್ರಿಂದ. ಕೈ ನೋವು ಶುರು ಆದ್ರೆ ನಿಲ್ಲಿ, ಎರಡು ನಿಮಿಷ ಅಷ್ಟೇ.

7. ರೂಟ್‌ಗಳು, ಈ ಕ್ರಮದಲ್ಲೇ

*ಮೊದಲ ದಿನ, ಕೋಲ್ ದೋರ್ನೋಂ.* ಬೂರ್ ದ್ವಾಜಾಂ ಪಕ್ಕದಿಂದಲೇ ಶುರು, ಸುಮಾರು 11 ಕಿಲೋಮೀಟರ್ ಏರು, ತುದಿ ಸುಮಾರು 1,370 ಮೀಟರ್. ಏರು ಹೆಚ್ಚುಕಮ್ಮಿ ನಂದಿಯದೇ ರುಚಿ, ಗಾಡಿ ಓಡಾಟ ಕಮ್ಮಿ. ಬಂದ ದಾರೀಲೇ ಇಳಿದು ಬ್ರೇಕ್, ಬಲಗಡೆ, ಬಾಡಿಗೆ ಬೈಕಿನ ಸ್ವಭಾವ ಎಲ್ಲ ಅಭ್ಯಾಸ ಮಾಡ್ಕೊಳ್ಳಿ. ಬಂದಿಳಿದ ಸಂಜೆಯೇ ಆಲ್ಪ್ ದುಯೆಜ್‌ಗೆ ನುಗ್ಗಬೇಡಿ, ದಯವಿಟ್ಟು.

*ಎರಡನೇ ದಿನ, ಆಲ್ಪ್ ದುಯೆಜ್.* 13.8 ಕಿಲೋಮೀಟರ್, ಸರಾಸರಿ 8 ಪರ್ಸೆಂಟ್ ಚಿಲ್ಲರೆ, 21 ಹೇರ್‌ಪಿನ್. ನಂಬರು ಉಲ್ಟಾ, ಕೆಳಗೆ 21, ಮೇಲೆ 1. ಟೂರ್ ದ ಫ್ರಾನ್ಸ್ ಇಲ್ಲಿಗೆ ಮೊದಲು ಬಂದಿದ್ದು 1952ರಲ್ಲಿ, ಗೆದ್ದಿದ್ದು ಇಟಲಿಯ ಫಾಸ್ಟೋ ಕೊಪ್ಪಿ, ಒಂದೊಂದು ತಿರುವಿನ ಬೋರ್ಡ್ ಮೇಲೂ ಇಲ್ಲಿ ಗೆದ್ದವರ ಹೆಸರು ಇದೆ. 1976ರಿಂದ 1989ರೊಳಗೆ ನೆದರ್‌ಲೆಂಡ್ಸಿನವರು ಎಂಟು ಸಲ ಗೆದ್ದಿದ್ರಿಂದ 7ನೇ ತಿರುವನ್ನ ಡಚ್ಚರ ತಿರುವು ಅಂತಲೇ ಕರೀತಾರೆ. ನಮ್ಮವರು ಇಲ್ಲಿ ಮಾಡೋ ತಪ್ಪು ಒಂದೇ: ಮೊದಲ ಎರಡು ಕಿಲೋಮೀಟರ್ 10 ಪರ್ಸೆಂಟ್ ದಾಟುತ್ತೆ, ಉತ್ಸಾಹದಲ್ಲಿ ಅಲ್ಲೇ ಎಲ್ಲಾ ಶಕ್ತಿ ಸುರಿದುಬಿಡ್ತಾರೆ. 16ನೇ ತಿರುವಿನ ಲಾ ಗಾರ್ದ್ ಹಳ್ಳಿ ತನಕ ಮಾತಾಡ್ತಾ ಹತ್ತೋಕೆ ಆಗೋ ವೇಗದಲ್ಲಿ ಹೋಗಿ. ಹೇರ್‌ಪಿನ್ ತಿರುವುಗಳಲ್ಲಿ ರಸ್ತೆ ಸ್ವಲ್ಪ ಚಪ್ಪಟೆ, ಅಲ್ಲಿ ಉಸಿರು ತಗೊಳ್ಳಿ. ಒಂದೂವರೆ ಗಂಟೆ ಹಿಡಿದ್ರೆ ಅದು ಒಳ್ಳೆ ಟೈಮೇ.

ವಾಪಸ್ ಅದೇ ರಸ್ತೇಲಿ ಬೇಡ. ಸ್ವಲ್ಪ ಕೆಳಗೆ ಉಯೆಜ್ ಹಳ್ಳಿಯಿಂದ ವಿಲಾರ್ ರೆಕ್ಯುಲಾ ಕಡೆಗೆ ಬೆಟ್ಟದ ಹೊಟ್ಟೆ ಹಿಡ್ಕೊಂಡು ಹೋಗೋ ಬಾಲ್ಕನಿ ರಸ್ತೆ ಇದೆ, ಬಾಲ್ಕನಿ ಅಂದ್ರೆ ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಬರೀ ಬಯಲು, ಕೆಳಗೆ ಇಡೀ ಕಣಿವೆ ಕಾಣುತ್ತೆ. ಅಲ್ಲಿಂದ ಆಲ್ಮೋಂಗೆ ಇಳಿದು ಸಮತಟ್ಟಲ್ಲಿ ಬೂರ್ ದ್ವಾಜಾಂ. ಈ ಇಡೀ ಸೀಮೇಲಿ ನನಗೆ ಆಲ್ಪ್ ದುಯೆಜ್‌ಗಿಂತ ಇಷ್ಟವಾದ ರಸ್ತೆ ಇದೇ. ಅಗಲ ಕಮ್ಮಿ, ಕಾಣದ ತಿರುವುಗಳಲ್ಲಿ ನಿಧಾನ.

*ಮೂರನೇ ದಿನ* ರೆಸ್ಟ್. ಸುಮ್ನೆ ಕಾಫಿ ಕುಡೀರಿ, ಕಾಲಾಡಿಸೋಕೆ ಅರ್ಧ ಗಂಟೆ ಸಮತಟ್ಟು ರಸ್ತೆ. ಹಳೇ ಪುಸ್ತಕಗಳಲ್ಲಿ ಲಾ ಬೆರಾರ್ದ್ ಹಳ್ಳಿಗೆ ಹೋಗೋ ಚಂದದ ದಾರಿ ಬಗ್ಗೆ ಓದಿರ್ತೀರಿ, 2024ರ ಜೂನ್ ಪ್ರವಾಹ ಆ ಹಳ್ಳಿಯನ್ನ ಕೊಚ್ಚಿ ಹಾಕ್ತು, ಪ್ರವಾಸಿ ಕಚೇರಿಯಲ್ಲಿ ಕೇಳದೆ ಆ ಕಡೆ ಹೋಗ್ಬೇಡಿ.

*ನಾಲ್ಕನೇ ದಿನ, ಕ್ರ್ವಾ ದ ಫೇರ್.* ಹೆಸರಿನ ಅರ್ಥ ಕಬ್ಬಿಣದ ಶಿಲುಬೆ, 2,067 ಮೀಟರ್. ಊರಿಂದ ತುದಿ ತನಕ ಸುಮಾರು 40 ಕಿಲೋಮೀಟರ್, ಆಲ್ಮೋಂ ದಾಟಿದ ಮೇಲೆ ಕಾಡು, ಆಮೇಲೆ ಗ್ರಾಂ ಮೇಜೋಂ ಅಣೆಕಟ್ಟು (ಕೆಳಗಿನ ಕೆರೆ ನೀರನ್ನ ಮೇಲಕ್ಕೆ ಪಂಪ್ ಮಾಡಿ ಮತ್ತೆ ಬಿಟ್ಟು ಕರೆಂಟ್ ಮಾಡೋದು, 1,800 ಮೆಗಾವ್ಯಾಟ್), ಅದರ ಮೇಲೆ ಹುಲ್ಲುಗಾವಲು, ದನದ ಗಂಟೆ ಸದ್ದು. ಮೋಸ ಎಲ್ಲಿದೆ ಅಂದ್ರೆ ಸರಾಸರಿಯಲ್ಲಿ. ಕಾಗದದ ಮೇಲೆ ಸುಲಭದ ಏರು ಅನ್ಸುತ್ತೆ, ಯಾಕಂದ್ರೆ ನಡುವೆ ಎರಡು ಕಡೆ ರಸ್ತೆ ಇಳಿಯುತ್ತೆ, ಇಳಿದಿದ್ದನ್ನ ಮತ್ತೆ ಹತ್ತಬೇಕು, ಲ ರಿವಿಯೆ ಹಳ್ಳಿ ಆದ್ಮೇಲಿನ ಇಳಿಜಾರು ಮುಗಿದ ಕೂಡ್ಲೇ 10 ಪರ್ಸೆಂಟ್ ಮೇಲಿನ ಗೋಡೆ ಎದುರಾಗುತ್ತೆ, ಇಳಿಯೋವಾಗಲೇ ಚಿಕ್ಕ ಗೇರ್‌ಗೆ ತಂದಿಟ್ಕೊಳ್ಳಿ. ವಾಪಸ್ ಬರೋವಾಗ ಅವೇ ಇಳಿಜಾರುಗಳು ಏರುಗಳಾಗ್ತವೆ, ಅದಕ್ಕೂ ಸ್ವಲ್ಪ ಕಾಲು ಉಳಿಸಿ. ತುದಿಗೆ ಎರಡೂವರೆ ಕಿಲೋಮೀಟರ್ ಇರುವಾಗ ಎಡಕ್ಕೆ ಗ್ಲಾಂದೋಂ ಕೋಲ್, 1,924 ಮೀಟರ್, ಅಲ್ಲೇ ಹತ್ತಿರ, ನೋಡ್ಕೊಂಡು ಬನ್ನಿ.

ರಸ್ತೆ ಪಕ್ಕ ಕಿಲೋಮೀಟರಿಗೊಂದು ಸೈಕಲ್ ಕಲ್ಲು ನೆಟ್ಟಿರ್ತಾರೆ: ತುದಿಗೆ ಇನ್ನೆಷ್ಟು, ಈಗ ಎತ್ತರ ಎಷ್ಟು, ಮುಂದಿನ ಕಿಲೋಮೀಟರ್ ಎಷ್ಟು ಪರ್ಸೆಂಟ್. ಸರಾಸರಿ ಮರೆತು ಆ ಕಲ್ಲನ್ನ ನಂಬಿ.

*ಐದನೇ ದಿನ, ಲೋತಾರೆ ಮತ್ತು ಗಾಲಿಬಿಯೆ.* ಲೋತಾರೆ ತನಕ ಸುಮಾರು 38 ಕಿಲೋಮೀಟರ್, ಅಲ್ಲಿಂದ ಗಾಲಿಬಿಯೆಗೆ ಎಂಟೂವರೆ. ಗ್ರೆನೋಬ್ಲಿಂದ ಬ್ರಿಯಾಂಸೋಂಗೆ ಹೋಗೋ ಮುಖ್ಯರಸ್ತೆ ಇದು, ಲಾರಿ ಬಸ್ಸು ಇರುತ್ವೆ, ಸುರಂಗಗಳೂ ಇವೆ. ಲೈಟ್ ಬೇಕು ಅಂದಿದ್ದು ಇದಕ್ಕೆ. ಸುರಂಗ ಬರೋ ಮೊದಲೇ ಕೂಲಿಂಗ್ ಗ್ಲಾಸ್ ಮೂಗಿನ ತುದಿಗೆ ಇಳಿಸಿ, ಬಿಸಿಲಿಂದ ಕತ್ತಲಿಗೆ ನುಗ್ಗಿದಾಗ ಮೂರ್ನಾಲ್ಕು ಸೆಕೆಂಡ್ ಏನೂ ಕಾಣಲ್ಲ. ಲಾ ಗ್ರಾವ್ ಹಳ್ಳಿಯಲ್ಲಿ ಎದುರಿಗೆ ಮೇಜ್ ಶಿಖರ, ಸುಮಾರು 3,980 ಮೀಟರ್, ಹಿಮನದಿ ಸಮೇತ, ಅಲ್ಲಿ ನಿಲ್ಲದೆ ಹೋಗೋಕಾಗಲ್ಲ.

ಬೆಳಿಗ್ಗೆ ಏಳಕ್ಕೆ ಹೊರಟುಬಿಡಿ, ಕಾರಣ ಎರಡು. ಜುಲೈ ಆಗಸ್ಟಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಿಂಚು ಸಾಮಾನ್ಯ, ಆ ಬಯಲಲ್ಲಿ ಬಚ್ಚಿಟ್ಕೊಳ್ಳೋಕೆ ಮರ ಕೂಡ ಇಲ್ಲ. ಇನ್ನೊಂದು, ಬಿಸಿಲು ಏರಿದ ಮೇಲೆ ಗಾಳಿ ಕಣಿವೆ ಕೆಳಗಿಂದ ಮೇಲಕ್ಕೆ ಬೀಸುತ್ತೆ, ವಾಪಸ್ ಇಳಿಯೋವಾಗ ಅದು ಎದುರುಗಾಳಿ, ಇಳಿಜಾರು ಅಂತ ಆರಾಮಾಗಿ ಬರ್ತೀನಿ ಅಂದ್ಕೊಂಡೋರು ಲಾ ಗ್ರಾವ್ ಆದ್ಮೇಲೆ ತುಳಿದೂ ತುಳಿದೂ ಸುಸ್ತಾಗ್ತಾರೆ. ಗಾಲಿಬಿಯೆ ತುದಿಗೆ ಸ್ವಲ್ಪ ಮುಂಚೆ ಕಾರುಗಳು ಸುರಂಗಕ್ಕೆ ಹೋಗ್ತವೆ, ಸೈಕಲ್ ಮೇಲಿನ ರಸ್ತೆಗೆ, ಕೊನೇ ಕಿಲೋಮೀಟರ್ ಅತಿ ಕಡಿದು. ಅಲ್ಲೇ ಟೂರ್ ಶುರು ಮಾಡಿದ ಆಂರಿ ದೆಗ್ರಾಂಜ್ ಅವರ ಸ್ಮಾರಕ ಇದೆ. 1911ರಲ್ಲಿ ರೇಸ್ ಮೊದಲ ಸಲ ಈ ಕೋಲ್ ದಾಟಿದಾಗ ಇದು ಕಲ್ಲುಮಣ್ಣಿನ ದಾರಿ, ಅಷ್ಟು ಭಾರದ ಸೈಕಲ್‌ಗಳಲ್ಲಿ ಅವರು ಹೇಗೆ ಹತ್ತಿದ್ರೋ ಅಂತ ಅಲ್ಲಿ ನಿಂತಾಗ ಪ್ರತಿ ಸಲ ಮೈ ಜುಮ್ಮೆನ್ನುತ್ತೆ.

*ಕಾಲು ಇನ್ನೂ ಇದ್ರೆ, ಸಾರೆನ್.* 1,999 ಮೀಟರ್. 2013ರ ಟೂರಲ್ಲಿ ಒಂದೇ ದಿನ ಎರಡು ಸಲ ಆಲ್ಪ್ ದುಯೆಜ್ ಹತ್ತಿಸಿದಾಗ ನಡುವೆ ಇಳಿದಿದ್ದು ಇದೇ ರಸ್ತೆ. ಕಿರಿದು, ಒರಟು, ಬಹಳ ಕಡೆ ತಡೆಗೋಡೆ ಇಲ್ಲ. ಅದಕ್ಕೆ ನೀವು ಉಲ್ಟಾ ಮಾಡಿ: ಶಾಂಬೋಂ ಅಣೆಕಟ್ಟು, ಮಿಜೋವೆಂ ಕಡೆಯಿಂದ ಸಾರೆನ್ ಹತ್ತಿ, ಆಲ್ಪ್ ದುಯೆಜ್‌ನ ಅಗಲ ರಸ್ತೇಲಿ ಇಳಿಯಿರಿ. ಕೆಟ್ಟ ರಸ್ತೇಲಿ ಹತ್ತೋದು ಬರೀ ಕಷ್ಟ, ಕೆಟ್ಟ ರಸ್ತೇಲಿ ಇಳಿಯೋದು ಅಪಾಯ.

8. ದೊಡ್ಡ ಸುತ್ತು ಮಾಡೋ ಆಸೆ ಇರೋರಿಗೆ

ಲಾ ಮಾರ್ಮೊತ್ ಅನ್ನೋ ಜನಸಾಮಾನ್ಯರ ರೇಸ್ 1982ರಿಂದ ನಡೀತಿದೆ, ಗ್ಲಾಂದೋಂ, ತೆಲೆಗ್ರಾಫ್, ಗಾಲಿಬಿಯೆ, ಕೊನೆಗೆ ಆಲ್ಪ್ ದುಯೆಜ್, 170 ಕಿಲೋಮೀಟರ್ ಮೇಲೆ, ಒಟ್ಟು ಏರು ಸುಮಾರು 5,000 ಮೀಟರ್. ಬೆಂಗಳೂರಿಂದ ಇದಕ್ಕೇ ಅಂತ ಹೆಸರು ಕೊಟ್ಟು ಬರೋರಿದ್ರೆ ಕನಿಷ್ಠ ನಾಲ್ಕು ದಿನ ಮುಂಚೆ ಬಂದು ಮೇಲಿನ ಮೊದಲ ಎರಡು ರೂಟ್ ಮಾಡಿ. ಇದರಲ್ಲಿ ಗ್ಲಾಂದೋಂನಿಂದ ಉತ್ತರಕ್ಕೆ, ಮೋರಿಯೆನ್ ಕಣಿವೆಗೆ ಇಳಿಯೋ ರಸ್ತೆ ಮೇಲ್ಭಾಗದಲ್ಲಿ ತುಂಬಾ ಕಡಿದು, ಕಿರಿದು. ರೇಸ್ ನಡೆಸೋರೇ ಆ ಇಳಿಜಾರಿನ ಟೈಮನ್ನ ಲೆಕ್ಕಕ್ಕೆ ತಗೊಳ್ಳಲ್ಲ, ಜನ ಅವಸರ ಮಾಡಿ ಬೀಳಬಾರದು ಅಂತ. ಹಾಗಾಗಿ ಅಲ್ಲಿ ಹಿಂದಿನಿಂದ ಯಾರು ಎಷ್ಟು ಜೋರಾಗಿ ಕೂಗ್ಕೊಂಡು ದಾಟಿದ್ರೂ ನೀವು ಬಲಕ್ಕೆ ಸರಿದು, ಜಾಕೆಟ್ ಜಿಪ್ ಮೇಲೆ ತನಕ ಎಳ್ಕೊಂಡು, ನಿಮ್ಮ ವೇಗದಲ್ಲೇ ಇಳಿಯಿರಿ.